ಹೊರಗೆ ನಿಂತ ತಂಗಿ

ಪೆಕನ್ ಕ್ರೀಕ್
19 ಮಾರ್ಚ್ 2023

ಅಕ್ಕ,

ಫೋನ್ ಬಿಟ್ಟು ಕಾಗದ ಬರೆಯಲು ಕೂತಿದ್ದೇನೆ, ಹುಬ್ಬೇರಿಸಬೇಡ. ಹೋದ ತಿಂಗಳು ಮೂರು ಸಲ ನೀನು ಏನೋ ಮುಖ್ಯವಾದದ್ದು ಹೇಳುತ್ತಿದ್ದಾಗಲೇ ನನ್ನ ಪೇಜರ್ ಕೂಗಿತು. ಮೂರನೇ ಸಲ ನೀನು "ನಾನೇನು ಗೋಡೆ ಜೊತೆ ಮಾತಾಡ್ತಿದೀನಾ?" ಅಂದದ್ದನ್ನು ಕೇಳಿಸಿಕೊಂಡೇ ಲೈನ್ ಕಟ್ ಮಾಡಿ ಓಡಿದೆ. ಕಾಗದವಾದರೆ ಅರ್ಧಕ್ಕೆ ಬಿಟ್ಟು ಓಡಿದರೂ ಮುನಿಸಿಕೊಳ್ಳುವುದಿಲ್ಲ. ಬಂದ ಮೇಲೆ ಮುಂದುವರಿಸಬಹುದು.

ಜನವರಿಯಲ್ಲಿ ನನ್ನನ್ನು ಚೀಫ್ ಮಾಡಿದರು ಅಂತ ಹೇಳಿದಾಗ ನೀನು "ಹೌದಾ, ಊಟ ಆಯ್ತಾ?" ಅಂದೆ. ನಿನಗೆ ಅರ್ಥವಾಗಲಿಲ್ಲವೋ, ಅರ್ಥವಾಗಿಯೂ ಬೇಡವಾಯಿತೋ ಗೊತ್ತಿಲ್ಲ. ಆದ್ದರಿಂದ ಬಿಡಿಸಿ ಬರೆಯುತ್ತೇನೆ. ನಮ್ಮದು ವಾಲಂಟಿಯರ್ ಫೈರ್ ಸ್ಟೇಷನ್. ಎರಡು ಇಂಜಿನ್, ಒಂದು ನೀರಿನ ಟ್ಯಾಂಕರ್, ಒಂದು ಆಂಬುಲೆನ್ಸ್, ಇಪ್ಪತ್ತೆರಡು ಜನ. ಯಾರಿಗೂ ಸಂಬಳವಿಲ್ಲ. ರೋಸಾ ಶಾಲೆ ಬಸ್ ಓಡಿಸುತ್ತಾಳೆ, ಡೇಲ್ ದನ ಸಾಕುತ್ತಾನೆ, ನಮ್ಮ ಹುಬ್ಬಳ್ಳಿಯ ವಿನಾಯಕ್ ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುತ್ತಾನೆ, ನಾನು ನರ್ಸರಿಯಲ್ಲಿ ಗಿಡ ಮಾರುತ್ತೇನೆ. ಪೇಜರ್ ಕೂಗಿದರೆ ಎಲ್ಲರೂ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಓಡುತ್ತೇವೆ. ಹ್ಯೂಸ್ಟನ್ ಕಡೆಯಿಂದ ಬಂದು ಫುಲ್‌ಶೀರ್ ಊರು ದಾಟಿದರೆ ರಸ್ತೆ ಬದಿಯಲ್ಲಿ ಬೆಂಕಿಗೆಂದು ಇಟ್ಟ ನಲ್ಲಿಗಳಿಲ್ಲ, ನೀರನ್ನೂ ನಾವೇ ಹೊತ್ತು ಹೋಗಬೇಕು. ಎಂಟು ವರ್ಷದ ಹಿಂದೆ ನನ್ನ ಗಂಡ ಪ್ರಭಂಜನ್ ಮೇಲೆ ಟ್ರ್ಯಾಕ್ಟರ್ ಮಗುಚಿದಾಗ ಹನ್ನೊಂದು ನಿಮಿಷಕ್ಕೆ ಬಂದವರು ಇವರೇ. ಡೇಲ್‌ನ ಬೂಟಿಗೆ ಸಗಣಿ ಹಾಗೇ ಇತ್ತು. ಆ ಸಗಣಿ ಬೂಟಿಗೆ ಅವತ್ತೇ ಕೈ ಮುಗಿದೆ, ಮುಂದಿನ ವಾರ ಹೋಗಿ ಹೆಸರು ಬರೆಸಿದೆ. ಇವತ್ತು ಅವರೆಲ್ಲ ಕೈ ಎತ್ತಿ ನನ್ನನ್ನು ಚೀಫ್ ಮಾಡಿದ್ದಾರೆ. ಬಿಳಿ ಹೆಲ್ಮೆಟ್ ಚೀಫ್‌ಗೆ ಮಾತ್ರ. ಆಲೆನ್‌ನಲ್ಲಿ ನಿನ್ನನ್ನು ಯಾರಾದರೂ ಕೇಳಿದರೆ "ತಂಗಿ ಏನೋ ಸೋಷಲ್ ಸರ್ವಿಸ್ ಮಾಡ್ತಾಳೆ" ಅನ್ನುತ್ತೀಯಂತೆ. ಶ್ರೀಪತಿ ಭಾವನೇ ಹೇಳಿದರು. ಅವರನ್ನು ಬೈಯಬೇಡ.

(ಇಲ್ಲಿ ಬಿಟ್ಟು ಹೋಗಿದ್ದೆ. ರಸ್ತೆ ಬದಿಯ ಹುಲ್ಲಿಗೆ ಬೆಂಕಿ, ಯಾರೋ ಎಸೆದ ಸಿಗರೇಟು. ಈಗ ಬಂದೆ.)

ನಿನ್ನ ಮಗ ಅಖಿಲ್‌ನ ಗೃಹಪ್ರವೇಶಕ್ಕೆ ಒಂದು ಕೆಲಸ ನನಗೆ ಬಿಡು. ಜನವರಿಯಲ್ಲಿ ಇಲ್ಲಿ ಪ್ರಹ್ಲಾದ್ ಅವರ ಮನೆಯಲ್ಲಿ ಹೋಮ. ಹೊಗೆಗೆ ಸ್ಮೋಕ್ ಅಲಾರಂಗಳು ಒಟ್ಟಿಗೆ ಹೊಡೆದುಕೊಂಡವು, ಅಲಾರಂ ಕಂಪನಿಯವರು ನಮ್ಮ ಸ್ಟೇಷನ್ನಿಗೆ ಕರೆ ಕಳಿಸಿದರು. ನಾವು ಸೈರನ್ ಹಾಕಿಕೊಂಡು ಹೋಗಿ ನೋಡಿದರೆ ಪುರೋಹಿತರು ತುಪ್ಪ ಹಾಕುವ ಸ್ರುವ ಹಿಡಿದು ಗ್ಯಾರೇಜಿನಲ್ಲಿ ನಿಂತಿದ್ದಾರೆ, ಡೇಲ್ ಹೋಸ್ ಹಿಡಿದು ಹೋಮಕುಂಡದ ಕಡೆ ಹೊರಟಿದ್ದಾನೆ. ನಾನು ಅಡ್ಡ ಬೀಳದಿದ್ದರೆ ಗಣಪತಿ ಹೋಮಕ್ಕೆ ಐನೂರು ಗ್ಯಾಲನ್ ಅಭಿಷೇಕ ಆಗುತ್ತಿತ್ತು. ಅಖಿಲ್ ಮನೆಯಲ್ಲಿ ಹಾಗಾಗುವುದು ಬೇಡ. ನೀನು ಹೋಟೆಲುಗಳಿಂದ ಎತ್ತಿಕೊಂಡು ಬಂದು ಕೂಡಿಟ್ಟಿರುವ ಶವರ್ ಕ್ಯಾಪುಗಳಲ್ಲಿ ಏಳು ಕಳಿಸು. ಸ್ಟೇಷನ್ನಿನ ಏಣಿ ತಂದು ನಾನೇ ಅಲಾರಂಗಳಿಗೆ ತೊಡಿಸುತ್ತೇನೆ.

ಯುಗಾದಿಗೆ ಒಬ್ಬಟ್ಟು ಮಾಡಿದರೆ ನನ್ನ ಪಾಲಿನದು ಫ್ರೀಜರ್‌ನಲ್ಲಿ ಇಡು.

ನಿನ್ನ ತಂಗಿ, ಚೀಫ್ (ಓದಿಕೋ)
ಉಷಾ

*

ಆಲೆನ್
29 ಮಾರ್ಚ್ 2023

ಚಿ. ಉಷಾಳಿಗೆ ಆಶೀರ್ವಾದ.

ಕಾಗದ ಬಂತು. ಇಪ್ಪತ್ತೈದು ವರ್ಷದಿಂದ ಈ ಡಬ್ಬಿಯಲ್ಲಿ ಜಾಹೀರಾತು ಬಿಟ್ಟು ಬೇರೆ ಏನೂ ಬಂದಿರಲಿಲ್ಲ. ನಿಮ್ಮ ಭಾವ ಕೋರ್ಟ್ ನೋಟಿಸ್ ಇರಬೇಕು ಅಂತ ಹೆದರಿ ಒಡೆಯಲೇ ಇಲ್ಲ, ಎರಡು ದಿನ ದೇವರ ಮುಂದೆ ಇಟ್ಟಿದ್ದರು.

ಚೀಫು, ಬಿಳಿ ಟೋಪಿ, ಎಲ್ಲ ಓದಿಕೊಂಡೆ. ಐವತ್ತೆರಡು ವರ್ಷಕ್ಕೆ ಏಣಿ ಹತ್ತುವುದು, ಯಾರ ಯಾರದೋ ಮನೆಗೆ ನುಗ್ಗುವುದು. ನಿನಗೆ ಏನಾದರೂ ಆದರೆ ಪ್ರಭಂಜನನಿಗೆ ಅನ್ನಕ್ಕೆ ಇಡಲೂ ಬರುವುದಿಲ್ಲ. ನಾನು ಸೋಷಲ್ ಸರ್ವಿಸ್ ಅಂದರೆ ಏನು ತಪ್ಪು? ಫೈರ್ ಇಂಜಿನ್ ಅಂದರೆ ಮುಂದೆ ಹತ್ತು ಪ್ರಶ್ನೆ ಕೇಳುತ್ತಾರೆ, ಉತ್ತರ ಕೊಡುವವಳು ನಾನು. ನನಗೆ ಭಯ ಕಣೇ, ಇನ್ನೇನೂ ಅಲ್ಲ.

ಕ್ಯಾಪುಗಳನ್ನು ಇದರ ಜೊತೆಗೇ ಕಳಿಸಿದ್ದೇನೆ. ಎತ್ತಿಕೊಂಡು ಬಂದದ್ದಲ್ಲ, ಬಾಡಿಗೆ ಕೊಟ್ಟ ಕೋಣೆಯಲ್ಲಿ ನಮಗೆಂದೇ ಇಟ್ಟಿದ್ದು. ಗೃಹಪ್ರವೇಶ ಏಪ್ರಿಲ್ 22, ಅಕ್ಷಯ ತದಿಗೆ. ನಾನು ಆಮೇಲೆ ಒಂದು ತಿಂಗಳು ಅಲ್ಲೇ ಇರುತ್ತೇನೆ, ಶಾಲೆ ಬಿಟ್ಟ ಮೇಲೆ ಮೊಮ್ಮಗಳು ದಿಯಾಳನ್ನು ನೋಡಿಕೊಳ್ಳಲು. ನನ್ನದು ಒಂದೇ ಷರತ್ತು. ಅವತ್ತು ಒಂದು ದಿನ ಆ ಪೇಜರ್ ಡಬ್ಬಿಯನ್ನು ಮನೆಯಲ್ಲಿ ಬಿಟ್ಟು ಬಾ. ಮೈಸೂರು ಸಿಲ್ಕಿನ ಮೇಲೆ ಅದನ್ನು ಸಿಕ್ಕಿಸಿಕೊಂಡು ಬಂದರೆ ನಿನ್ನನ್ನು ಫೋಟೋಕ್ಕೆ ನಿಲ್ಲಿಸುವುದಿಲ್ಲ.

ಒಬ್ಬಟ್ಟು ಹನ್ನೆರಡು ಇಟ್ಟಿದ್ದೇನೆ.

ಲೀಲಕ್ಕ

*

ಪೆಕನ್ ಕ್ರೀಕ್
27 ಏಪ್ರಿಲ್ 2023

ಅಕ್ಕ,

ನೀನು ಈಗ ಹನ್ನೆರಡು ಮೈಲಿ ದೂರದಲ್ಲಿ ಅಖಿಲ್ ಮನೆಯಲ್ಲಿದ್ದೀಯ. ಫೋನ್ ಎತ್ತುತ್ತಿಲ್ಲವಾದ್ದರಿಂದ ಹನ್ನೆರಡು ಮೈಲಿಗೆ ಅಂಚೆ ಚೀಟಿ ಅಂಟಿಸುತ್ತಿದ್ದೇನೆ.

ಪೇಜರ್ ತಂದದ್ದು ತಪ್ಪು, ಒಪ್ಪಿದೆ. ಸೆರಗಿನ ಕೆಳಗೆ ಮುಚ್ಚಿಟ್ಟುಕೊಂಡಿದ್ದೆ. ಅದು ಕೂಗಿದಾಗ ಪೂರ್ಣಾಹುತಿಗೆ ಎಲ್ಲರೂ ಆಗಷ್ಟೇ ಎದ್ದು ನಿಂತಿದ್ದರು. ನೀನು ನನ್ನ ಸೆರಗು ಹಿಡಿದುಕೊಂಡು "ಐದು ನಿಮಿಷ ಉಷಾ, ಐದೇ ನಿಮಿಷ" ಅಂದೆ. ನಾನು ಸೆರಗು ಬಿಡಿಸಿಕೊಂಡೆ. ಬಿಡಿಸಿಕೊಳ್ಳುವಾಗ ನಿನ್ನ ಮುಖ ನೋಡಲಿಲ್ಲ.

ಯಾಕೆ ಓಡಿದೆ ಅಂತ ಹೇಳುತ್ತೇನೆ, ಆಮೇಲೆ ಬೇಕಾದಷ್ಟು ಬೈಯಿ. ರಸ್ತೆಯ ತಿರುವಿನಲ್ಲಿ ದನದ ಮೇವು ಮಾರುವ ಅಂಗಡಿಯಿದೆಯಲ್ಲ, ಅಲ್ಲಿ ಎಪ್ಪತ್ತು ದಾಟಿದ ಒಬ್ಬರು ಕುಸಿದುಬಿದ್ದಿದ್ದರು. ಎದೆಬಡಿತ ನಿಂತಿತ್ತು. ಎಲ್ಲರಿಗಿಂತ ಹತ್ತಿರ ಇದ್ದವಳು ನಾನೇ. ಏಣಿ ತರಲೆಂದು ಸ್ಟೇಷನ್ನಿನ ಟ್ರಕ್ಕಿನಲ್ಲೇ ಬಂದಿದ್ದೆನಲ್ಲ, ಏಣಿಯನ್ನು ಅದರ ಹಿಂದಕ್ಕೆ ಎಸೆದುಕೊಂಡು ಹೋದೆ. ಮೇವಿನ ಮೂಟೆಗಳ ನಡುವೆ ಮೊಣಕಾಲೂರಿ ಅವರ ಎದೆ ಒತ್ತಿದೆ. ಬಳೆಗಳು ಒಡೆದವು. ಆರು ನಿಮಿಷಕ್ಕೆ ರೋಸಾ ಆಂಬುಲೆನ್ಸ್ ತಂದಳು, ಶಾಕ್ ಕೊಟ್ಟೆವು, ಎರಡನೆಯದಕ್ಕೆ ನಾಡಿ ಬಂತು. ನಿನ್ನೆ ಅವರು ಮನೆಗೆ ಮರಳಿದ್ದಾರೆ. ಅವರ ಹೆಂಡತಿ ಸ್ಟೇಷನ್ನಿಗೆ ಪೆಕನ್ ಪೈ ತಂದು ಕೊಟ್ಟು, "ಅವತ್ತು ಮದುವೆ ಸೀರೆ ಉಟ್ಟುಕೊಂಡು ಬಂದವರು ಯಾರು?" ಅಂತ ಕೇಳಿದರು. ಡೇಲ್ ನನ್ನನ್ನು ತೋರಿಸಿ "ನಮ್ಮ ಚೀಫ್" ಅಂದ. ಅವನು ಹಾಗಂದಾಗ ನನಗೆ ಎಷ್ಟು ಹೆಮ್ಮೆಯಾಯಿತು ಅಂತ ಯಾರಿಗೆ ಹೇಳಿಕೊಳ್ಳಲಿ? ನಿನಗೇ ಹೇಳಬೇಕು.

ನಿನ್ನ ಕ್ಯಾಪುಗಳು ಹೇಗೆ ಕೂತಿದ್ದವು ನೋಡಿದೆಯಾ? ಅಷ್ಟು ಹೊಗೆಗೂ ಒಂದು ಅಲಾರಂ ಕುಂಯ್ ಅನ್ನಲಿಲ್ಲ.

ಸೀರೆಯ ಅಂಚಿಗೆ ಮೇವಿನ ದೂಳು ಹತ್ತಿ ಹೋಗುತ್ತಿಲ್ಲ. ಏನು ಹಾಕಿ ತೊಳೆಯಲಿ ಅಂತಲಾದರೂ ಬರೆ.

ಉಷಾ

*

ಆಲೆನ್
4 ಜೂನ್ 2023

ಉಷಾರಾಣಿಗೆ,

ಉಸಿರಾಟ ಈಗ ಪರವಾಗಿಲ್ಲ. ಆಸ್ಪತ್ರೆಯ ನಾಲ್ಕು ದಿನ ನೀನು ದಿನವೂ ಬಂದೆ, ಬಾಗಿಲಲ್ಲಿ ಕೂತೆ. ನಾನು ಮಾತಾಡಲಿಲ್ಲ. ಗಂಟಲಲ್ಲಿ ನಳಿಗೆಯಿಲ್ಲದಿದ್ದರೂ ಮಾತಾಡುತ್ತಿರಲಿಲ್ಲ. ಈಗ ಬರೆಯುತ್ತಿದ್ದೇನೆ, ಯಾಕೆಂದರೆ ನುಂಗಿಕೊಂಡು ಬದುಕಲು ನನಗೆ ಬರುವುದಿಲ್ಲ.

ಮೇ ಹದಿನಾರು, ಮಂಗಳವಾರ. ಅಖಿಲ್, ಸೊಸೆ ಹರ್ಷಿಣಿ ಕೆಲಸಕ್ಕೆ ಹೋಗಿದ್ದರು, ದಿಯಾ ಶಾಲೆಗೆ. ಊಟ ಮಾಡಿ, ಡ್ರೈಯರ್‌ಗೆ ಬಟ್ಟೆ ಹಾಕಿ, ಮಹಡಿಗೆ ಹೋಗಿ ಮಲಗಿದೆ. ಕೆಮ್ಮು ಬಂದು ಎಚ್ಚರವಾದರೆ ಕೋಣೆ ಬೆಳ್ಳಗಿತ್ತು. ಬಾಗಿಲು ತೆಗೆದೆ, ಮೆಟ್ಟಿಲು ಕಾಣಲಿಲ್ಲ. ಮುಂದಿನದು ಅರ್ಧಂಬರ್ಧ ನೆನಪು. ಯಾರೋ ನನ್ನನ್ನು ಎತ್ತಿದರು, ಹುಲ್ಲಿನ ಮೇಲೆ ಮಲಗಿಸಿದರು. ಕಣ್ಣು ಬಿಟ್ಟು ನೋಡಿದರೆ ಮೂವತ್ತು ಅಡಿ ದೂರದಲ್ಲಿ ನೀನು. ಬಿಳಿ ಹೆಲ್ಮೆಟ್, ಕೈಯಲ್ಲಿ ರೇಡಿಯೋ. ಕೋಟಿಗೆ ಒಂದು ಮಸಿ ಕೂಡ ಇಲ್ಲ. ನನ್ನ ಕಡೆ ಒಮ್ಮೆ ನೋಡಿದೆ. ಆಮೇಲೆ ಮನೆಯ ಕಡೆ ತಿರುಗಿದೆ.

ಅಂಗಡಿಯಲ್ಲಿ ಬಿದ್ದ ಯಾರೋ ಮುದುಕನಿಗೆ ಸೆರಗು ಬಿಡಿಸಿಕೊಂಡು ಓಡಿದವಳು ನೀನು. ಸ್ವಂತ ಅಕ್ಕ ಒಳಗೆ ಸಾಯುತ್ತಿದ್ದಾಗ ಅಂಗಳದಲ್ಲಿ ನಿಂತಿದ್ದೆ. ಅದನ್ನೇ ನನಗೆ ತಡೆದುಕೊಳ್ಳಲಾಗುತ್ತಿಲ್ಲ. ಮನೆ ಹೋಗಲಿ, ಡ್ರೈಯರ್‌ನಿಂದ ಹತ್ತಿಕೊಂಡು ಸುಟ್ಟ ಅಡುಗೆಮನೆಯನ್ನು ಮತ್ತೆ ಕಟ್ಟಿಸಬಹುದು.

ಹರ್ಷಿಣಿಯ ವಿಷಯ ಬೇರೆ. ಆ ಕ್ಯಾಪುಗಳು ಮೂರು ವಾರ ಅಲಾರಂಗಳ ಮೇಲೇ ಇದ್ದವಂತೆ, ಅದಕ್ಕೇ ಒಂದೂ ಕೂಗಲಿಲ್ಲವಂತೆ. ಓಡುವ ಮುಂಚೆ ನೀನು ಅವಳಿಗೆ ತೆಗೆಸು ಅಂತ ಹೇಳಿಯೇ ಇರುತ್ತೀಯ. ಕೆಲಸ ಅರ್ಧಕ್ಕೆ ಬಿಟ್ಟು ಹೋಗುವವಳಲ್ಲ ನೀನು, ಅಷ್ಟು ನನಗೆ ಗೊತ್ತು. ಅವಳು ಮಾತ್ರ "ಚಿಕ್ಕತ್ತೆ ನನಗೇನೂ ಹೇಳಲಿಲ್ಲ" ಅನ್ನುತ್ತಾಳೆ. "ಸುಳ್ಳು ಹೇಳಬೇಡ" ಅಂದೆ. ಅಖಿಲ್ ಮುಂದೆಯೇ ಅಂದೆ. ಅವತ್ತಿನಿಂದ ಅವಳು ಫೋನ್ ಮಾಡಿಲ್ಲ. ದಿಯಾಳ ದನಿಯೂ ಇಲ್ಲ.

ಸದ್ಯಕ್ಕೆ ಇಷ್ಟು.

ಲೀಲಾವತಿ ಶ್ರೀಪತಿ

*

ಪೆಕನ್ ಕ್ರೀಕ್
11 ಜೂನ್ 2023

ಅಕ್ಕ,

ಹರ್ಷಿಣಿ ಸುಳ್ಳು ಹೇಳಿಲ್ಲ. ನಾನು ಅವಳಿಗೆ ಏನೂ ಹೇಳಲಿಲ್ಲ.

ಅದನ್ನು ಮೊದಲು ಬರೆದುಬಿಟ್ಟೆ, ಇಲ್ಲದಿದ್ದರೆ ಬೇರೆಯದೆಲ್ಲ ಬರೆಯುತ್ತಾ ಅದನ್ನು ತಪ್ಪಿಸಿಕೊಳ್ಳುತ್ತೇನೆ ಅಂತ ನನಗೇ ಭಯ. ಅವತ್ತು ಬಾಗಿಲಲ್ಲಿ "ಬರ್ತೀನಿ" ಅಂದೆ, ಅಷ್ಟೇ. ಏಣಿ ನನ್ನ ಜೊತೆಗೇ ಹೋಯಿತು. ಆ ಮನೆಯಲ್ಲಿ ಸೀಲಿಂಗ್ ಮುಟ್ಟುವಂಥ ಬೇರೆ ಏಣಿಯಿಲ್ಲ. ಬಿಳಿ ಸೀಲಿಂಗಿಗೆ ಬಿಳಿ ಕ್ಯಾಪು, ಕೆಳಗೆ ನಿಂತವರಿಗೆ ಕಾಣುವುದೂ ಇಲ್ಲ. ಸಂಜೆ ಮನೆಗೆ ಬಂದು ಸ್ನಾನ ಮಾಡಿದೆ, ಪ್ರಭಂಜನ್‌ಗೆ ಮೇವಿನಂಗಡಿಯ ಕಥೆ ಎರಡು ಸಲ ಹೇಳಿದೆ, ನಿನಗೆ ಜಂಬದ ಕಾಗದ ಬರೆದೆ. ಕ್ಯಾಪು ಹೇಗೆ ಕೂತಿದ್ದವು ಅಂತ ನಿನ್ನನ್ನು ಕೇಳಿದೆನಲ್ಲ, ಆಗಲೂ ಅವು ಅಲ್ಲೇ ಇವೆ ಅಂತ ಹೊಳೆಯಲಿಲ್ಲ. ಆ ಮೂರು ವಾರದಲ್ಲಿ ಅಖಿಲ್ ಮನೆಯ ರಸ್ತೆಯಲ್ಲಿ ನಾಲ್ಕು ಸಲ ಹೋಗಿದ್ದೇನೆ. ಈ ಸುತ್ತಿನಲ್ಲಿ ಮನೆಮನೆಗೆ ಹೋಗಿ "ನಿಮ್ಮ ಅಲಾರಂ ಒತ್ತಿ ನೋಡಿ" ಅಂತ ಹೇಳುವವಳು ನಾನೇ.

ಬೆಂಕಿ ಆರಿದ ಮೇಲೆ ಒಳಗೆ ಹೋಗಿ ತಲೆ ಎತ್ತಿ ನೋಡಿದೆ. ಕರಗಿ ಜೋತುಬಿದ್ದಿದ್ದವು. ಡೇಲ್ ಪಕ್ಕದಲ್ಲಿದ್ದ. "ಮನೆಯವರು ಮುಚ್ಚಿದ್ದರು ಅಂತ ಬರೆದರೆ ಸಾಕು, ಹೋಮ ಗೀಮ ಯಾರಿಗೂ ಗೊತ್ತಾಗಲ್ಲ" ಅಂದ. ಅವನದು ಒಳ್ಳೆಯ ಮನಸ್ಸೇ. ನಾನು ವರದಿಯಲ್ಲಿ ನನ್ನ ಹೆಸರು ಬರೆದೆ: ಮುಚ್ಚಿದವಳು ಚೀಫ್ ಉಷಾರಾಣಿ, ತೆಗೆಯಲು ಮರೆತವಳೂ ಅವಳೇ. ಬಿಳಿ ಹೆಲ್ಮೆಟ್ ಅವನ ಕೈಗೆ ಕೊಟ್ಟೆ. ಜುಲೈ 15ರ ಶನಿವಾರ ಬೆಳಿಗ್ಗೆ ಎಲ್ಲರೂ ಸೇರಿ ನನ್ನನ್ನು ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನಿಸುತ್ತಾರೆ.

ನಿನಗೆ ಆಗಲೇ ಹೇಳಬೇಕಿತ್ತು. ಆಸ್ಪತ್ರೆಯ ಬಾಗಿಲಲ್ಲಿ ನಾಲ್ಕು ದಿನ ಅದಕ್ಕೇ ಕೂತೆ, ಬಾಯಿ ಬರಲಿಲ್ಲ. ವರದಿಗೆ ಬರೆದ ಧೈರ್ಯ ನಿನ್ನ ಮುಂದೆ ಇರಲಿಲ್ಲ. ನಿನ್ನ ಕಾಗದ ಬಂದ ದಿನವೇ ಹರ್ಷಿಣಿಯ ಹತ್ತಿರ ಹೋದೆ. ಈಗ ಅವರು ಕೇಟಿ ಊರಿನಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ಎಲ್ಲ ಹೇಳಿದೆ. ಅವಳು ಎದ್ದು ಹೋಗಿ ಕಾಫಿ ಮಾಡಿ ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಇನ್ನು ನಾನು ಹೊರಗೆ ನಿಂತದ್ದು.

ಅದಕ್ಕೆ ಮಾತ್ರ ನಾನು ಕ್ಷಮೆ ಕೇಳುವುದಿಲ್ಲ ಅಕ್ಕ. ಚೀಫ್ ಒಳಗೆ ಹೋಗಬಾರದು. ಒಳಗೆ ಹೋದವರಿಗೆ ಹೊಗೆಯಲ್ಲಿ ತಮ್ಮ ಕೈಯೇ ಕಾಣುವುದಿಲ್ಲ. ಮಾಡು ಎಲ್ಲಿ ಕುಸಿಯುತ್ತಿದೆ, ಯಾರ ಬೆನ್ನಿನ ಸಿಲಿಂಡರಿನಲ್ಲಿ ಗಾಳಿ ಎಷ್ಟು ಉಳಿದಿದೆ, ಟ್ಯಾಂಕರಿನಲ್ಲಿ ನೀರು ಎಷ್ಟಿದೆ ಅಂತ ಹೊರಗಿನಿಂದ ಒಬ್ಬರು ನೋಡಿ ಹೇಳುತ್ತಿರಬೇಕು. ನಾವು ಬಂದಾಗ ಪಕ್ಕದ ಮನೆಯವರು "ಅಜ್ಜಿ ಒಳಗಿದ್ದಾರೆ" ಅಂದರು. ನನ್ನ ಕಾಲು ತಾನಾಗಿ ಎರಡು ಹೆಜ್ಜೆ ಬಾಗಿಲ ಕಡೆ ಹೋಯಿತು. ನಿಲ್ಲಿಸಿದೆ. ಮೊದಲು ಮುಂದೆ ಬಂದವರು ರೋಸಾ ಮತ್ತು ಡೇಲ್. ಡೇಲ್‌ನನ್ನು ಹೋಸ್‌ಗೆ ಹಾಕಿ, ರೋಸಾ ಜೊತೆ ಒಳಗೆ ಹೋಗಲು ವಿನಾಯಕ್‌ನನ್ನು ಕರೆದೆ. ಯಾಕೆ ಗೊತ್ತಾ? ನೀನು ಹೆದರಿದರೆ ಇಂಗ್ಲಿಷ್ ಮರೆತುಬಿಡುತ್ತೀಯ. ಮುಖವಾಡ ಹಾಕಿಕೊಂಡು ಹೊಗೆಯಿಂದ ಬಂದವನನ್ನು ಕಂಡರೆ ಮಂಚದ ಕೆಳಗೆ ತೂರಿಕೊಳ್ಳುತ್ತೀಯ. ಅವನಿಗೆ ಹೇಳಿದೆ: "ಮೆಟ್ಟಿಲು ಹತ್ತಿದ ಮೇಲೆ ಬಲಗಡೆ ಎರಡನೇ ಕೋಣೆ. ಊಟ ಆದಮೇಲೆ ಅಲ್ಲಿ ಮಲಗ್ತಾಳೆ. ಹೋಗ್ತಾ ಹೋಗ್ತಾ ಜೋರಾಗಿ ಕನ್ನಡದಲ್ಲಿ ಕೂಗು."

ನಿನ್ನನ್ನು ಹುಲ್ಲಿನ ಮೇಲೆ ಮಲಗಿಸಿದಾಗ ನೋಡಿದೆ. ಎದೆ ಏರಿ ಇಳಿಯಿತು. ಒಂದು ಸಲ, ಎರಡು ಸಲ ಎಣಿಸಿದೆ. ರೋಸಾ ನಿನ್ನ ಪಕ್ಕ ಇದ್ದಳು. ಡೇಲ್ ಮತ್ತು ಅವನ ತಮ್ಮ ಇನ್ನೂ ಅಡುಗೆಮನೆಯಲ್ಲಿದ್ದರು, ಮೇಲೆ ಮಾಡು ಬಾಗುತ್ತಿತ್ತು. ತಿರುಗಲೇಬೇಕಿತ್ತು. ತಿರುಗಿದೆ.

ಕ್ಯಾಪಿನ ವಿಷಯಕ್ಕೆ ಎಷ್ಟು ಬೈದರೂ ಕಡಿಮೆ.

ಉಷಾ

*

ಆಲೆನ್
20 ಜೂನ್ 2023

ಉಷಾ,

ಓದಿದೆ. ಹರ್ಷಿಣಿಗೆ ಫೋನ್ ಮಾಡಿದೆ. ಮೊದಲನೇ ಸಲ ಎತ್ತಲಿಲ್ಲ, ಎರಡನೇ ಸಲ ಎತ್ತಿದಳು. ಬಹಳ ಹೊತ್ತು ಮಾತಾಡಿದೆವು. ಅದು ನಮ್ಮಿಬ್ಬರ ಮಧ್ಯೆ ಇರಲಿ.

ನಿನಗೆ ಏನು ಬರೆಯಬೇಕೋ ಇನ್ನೂ ಗೊತ್ತಾಗುತ್ತಿಲ್ಲ. ಸೀರೆಯ ಅಂಚಿಗೆ ಅಂಟುವಾಳದ ನೀರು ಹಾಕು, ಉಜ್ಜಬೇಡ.

ಲೀಲಾ

*

ಪೆಕನ್ ಕ್ರೀಕ್
6 ಜುಲೈ 2023

ಅಕ್ಕ,

ಅಂಟುವಾಳಕ್ಕೆ ಅಂಚು ಬಿಟ್ಟಿತು.

ಇಲ್ಲಿ ನೂರೆರಡು ಡಿಗ್ರಿ, ಹುಲ್ಲು ಹಪ್ಪಳದಂತಿದೆ. ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಪಟಾಕಿಗೆ ಒಂದೇ ದಿನ ಐದು ಕಡೆ ಹತ್ತಿಕೊಂಡಿತು. ಡೇಲ್ ಬಿಳಿ ಹೆಲ್ಮೆಟ್ ಹಾಕಿಕೊಂಡು ರೇಡಿಯೋದಲ್ಲಿ ಮಾತಾಡಿದ. ನಾನು ಎಲ್ಲರ ಹಾಗೆ ಹೋಸ್ ಎಳೆದೆ. ಮೊಣಕೈ ತರಚಿಕೊಂಡು ಬಂದೆ. ಗಾಳಿ ತಿರುಗಿದ್ದು ಡೇಲ್‌ಗೆ ತಡವಾಗಿ ಕಂಡಿತು. ನನಗೆ ಮೊದಲೇ ಕಂಡಿತ್ತು, ಕೂಗಿ ಹೇಳಿದೆ, ಅವನು ಕೇಳಿದ. ಆಮೇಲೆ ನನ್ನ ಪಕ್ಕ ಬಂದು ನಿಂತು ನೀರು ಕುಡಿದ.

ಚೀಫ್ ಪಟ್ಟ ಹೋದರೆ ಹೋಗಲಿ, ಕೆಲಸ ಮಾಡಿಕೊಂಡಿರುತ್ತೇನೆ ಅಂತ ನಿನಗೆ ಬರೆಯಬೇಕು ಅಂತಲೇ ಕೂತೆ. ಅದು ಸುಳ್ಳು. ನನಗೆ ಅದು ಬೇಕು ಅಕ್ಕ. ನನಗೆ ಆ ಕೆಲಸ ಬರುತ್ತದೆ. ಈ ದೇಶಕ್ಕೆ ಬಂದು ಯಾರದೋ ಹೆಂಡತಿ, ಯಾರದೋ ಚಿಕ್ಕಮ್ಮ ಅಂತಲ್ಲದೆ ನಾನೇ ಸಂಪಾದಿಸಿಕೊಂಡದ್ದು ಅದೊಂದೇ. ಹದಿನೈದನೇ ತಾರೀಕು ಹತ್ತು ಗಂಟೆಗೆ ಸಭೆ. ಯಾರ ವಿಷಯ ಮಾತಾಡುತ್ತಾರೋ ಅವರು ಒಳಗೆ ಇರುವಂತಿಲ್ಲ, ಅಂಗಳದಲ್ಲಿ ಕಾಯಬೇಕು. ಊರಿನವರು, ನೊಂದವರು ಯಾರಾದರೂ ಬಂದರೆ ಮೂರು ನಿಮಿಷ ಮಾತಾಡಬಹುದು. ಅಖಿಲ್ ಬರುವುದಿಲ್ಲವಂತೆ, ಸಿಟ್ಟು ಇನ್ನೂ ಇಳಿದಿಲ್ಲ. ಅವನ ಮನೆ, ಅವನ ಸಿಟ್ಟು. ನಾನು ಏನೂ ಅನ್ನುವಂತಿಲ್ಲ.

ನಿನ್ನನ್ನು ಬಾ ಅಂತ ಕರೆಯುತ್ತಿಲ್ಲ. ನಾನು ಎಲ್ಲಿರುತ್ತೇನೆ ಅಂತ ನಿನಗೆ ಗೊತ್ತಿರಲಿ ಅಂತ ಬರೆದೆ.

ಉಷಾ

*

ಆಲೆನ್
19 ಜುಲೈ 2023

ನನ್ನ ಉಷಾಳಿಗೆ, ನೂರು ಆಶೀರ್ವಾದ.

ಶನಿವಾರ ನಿಮ್ಮ ಸ್ಟೇಷನ್ನಿನ ಅಂಗಳದಲ್ಲಿ ನಮ್ಮ ಕಾರು ನಿಂತಾಗ ನೀನು ಬಾಯಿ ಬಿಟ್ಟುಕೊಂಡು ನೋಡಿದ್ದು ನೋಡಿ ನನಗೆ ನಗು ಬಂತು. ಐದು ಗಂಟೆ ದಾರಿ. ಬೆಳಿಗ್ಗೆ ನಾಲ್ಕೂವರೆಗೆ ನಿಮ್ಮ ಭಾವನನ್ನು ಎಬ್ಬಿಸಿ ಹೊರಡಿಸಿದೆ. ದಾರಿಯುದ್ದಕ್ಕೂ "ಉಷಾಗೆ ಮೊದಲೇ ಹೇಳಬಾರದಿತ್ತಾ?" ಅಂತ ಗೊಣಗಿದರು. ಹೇಳಿದ್ದರೆ ನೀನು ತಿಂಡಿ ಮಾಡಲು ಕೂರುತ್ತಿದ್ದೆ. ನೀನು ಹೊರಗೆ ನಿಂತೆ, ನಾನು ಒಳಗೆ ಹೋದೆ. ತೀರ್ಪು ನಿನಗೆ ಗೊತ್ತು. ಒಳಗೆ ನಡೆದದ್ದು ನಿನಗೆ ಕೇಳಿಸಲಿಲ್ಲ, ಊಟದ ಗಲಾಟೆಯಲ್ಲಿ ಹೇಳಲೂ ಆಗಲಿಲ್ಲ. ಅದಕ್ಕೇ ಇದು.

ಡೇಲ್ ಮೊದಲು ನಿನ್ನ ವರದಿ ಓದಿದ. ಆಮೇಲೆ ನನಗೆ ಮಾತಾಡಲು ಹೇಳಿದ. ಇಂಗ್ಲಿಷಿನಲ್ಲಿ ಬರೆದುಕೊಂಡು ಹೋಗಿದ್ದೆ, ಕನ್ನಡಕ ಕಾರಿನಲ್ಲಿ ಮರೆತಿದ್ದೆ. ಅಕ್ಷರ ಕಾಣಲಿಲ್ಲ. ವಿನಾಯಕ್ ಎದ್ದು ಬಂದು ನನ್ನ ಪಕ್ಕ ನಿಂತು, "ಅಕ್ಕಾರ, ಕನ್ನಡದಾಗ ಹೇಳ್ರಿ, ನಾ ಹೇಳ್ತೇನಿ ಇವರಿಗೆ" ಅಂದ. ಆ ದನಿ ಕೇಳಿ ನನಗೆ ಎಲ್ಲ ನೆನಪಾಯಿತು ಕಣೇ. ಅವತ್ತು ನಾನು ನಿಜವಾಗಿಯೂ ಮಂಚದ ಕೆಳಗೆ ತೂರಿಕೊಂಡಿದ್ದೆ. ನೀನು ಅಂದದ್ದೇ ಸರಿ. ಹೊಗೆಯೊಳಗಿಂದ "ಅಕ್ಕಾರ, ಎಲ್ಲಿದ್ದೀರಿ, ನಾ ಉಷಕ್ಕನ ಕಡಿಯಾಂವ" ಅಂತ ಕೇಳಿಸಿತು. ನಿನ್ನ ಹೆಸರು ಕೇಳಿದ ಮೇಲೇ ನಾನು ಕೈ ಹೊರಗೆ ಚಾಚಿದ್ದು. ಇಲ್ಲದಿದ್ದರೆ ಚಾಚುತ್ತಿರಲಿಲ್ಲ. ಇದನ್ನು ಅಷ್ಟು ಜನರ ಮುಂದೆ ಹೇಳಿದೆ. ಅಳುತ್ತಾ ಹೇಳಿದೆ, ಅದೇನೂ ಪರವಾಗಿಲ್ಲ.

ಕ್ಯಾಪಿನ ವಿಷಯ ಮುಚ್ಚಿಡಲಿಲ್ಲ. "ಅವಳು ಮರೆತದ್ದರಿಂದ ನಾನು ಸಾಯುತ್ತಿದ್ದೆ, ಅದು ಸಣ್ಣ ತಪ್ಪಲ್ಲ" ಅಂದೆ. "ಆ ಕ್ಯಾಪು ಕೊಟ್ಟವಳು ನಾನು, ಕೊನೆಗೆ ಎಣಿಸಿ ವಾಪಸ್ ತೆಗೆದುಕೊಳ್ಳದವಳೂ ನಾನೇ. ಗೃಹಪ್ರವೇಶಕ್ಕೆ ಕೊಟ್ಟ ಚಮಚಗಳನ್ನು ಮಾತ್ರ ಎಣಿಸಿಕೊಂಡೆ. ನಾನು ನನ್ನ ಸೊಸೆಯನ್ನು ಸುಳ್ಳಿ ಅಂದೆ. ನನ್ನ ತಂಗಿ ಸುಮ್ಮನಿದ್ದಿದ್ದರೆ ಸಾಯುವ ತನಕ ಹಾಗೇ ಅಂದುಕೊಂಡಿರುತ್ತಿದ್ದೆ. ಅವಳು ಸುಮ್ಮನಿರಲಿಲ್ಲ" ಅಂದೆ. ವಿನಾಯಕ್ ಅದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದ. ಮೂರು ನಿಮಿಷ ಆಗಿ ಎಷ್ಟೋ ಹೊತ್ತಾಗಿತ್ತು, ಯಾರೂ ಗಡಿಯಾರ ನೋಡಲಿಲ್ಲ.

ಆಮೇಲೆ ಚೀಲ ಬಿಚ್ಚಿ ಮೇಜಿನ ಮೇಲೆ ಸುರಿದೆ. ಅರಿಶಿನ ಕುಂಕುಮಕ್ಕೆ ಮನೆಯಿಂದ ಮನೆಗೆ ಸುತ್ತುವ ಬ್ಲೌಸ್ ಪೀಸುಗಳು ನನ್ನ ಕಪಾಟಿನಲ್ಲಿ ರಾಶಿಯಿದ್ದವು. ಕೆಂಪಗಿರುವುದನ್ನೆಲ್ಲ ಆರಿಸಿ ಏಳು ಟೋಪಿ ಹೊಲಿದಿದ್ದೆ. ಒಳಗೆ ಅದೇ ಹೋಟೆಲಿನ ಕ್ಯಾಪು, ಹೊರಗೆ ಬ್ಲೌಸ್ ಪೀಸು, ಪ್ರತಿಯೊಂದಕ್ಕೂ ಎರಡು ಗಜದ ಬಾಲ, ಬಾಲದ ತುದಿಗೆ ಗೆಜ್ಜೆ. ಒಂದು ಏಣಿಯ ಮೇಲೆ ನಿಂತು ವಿನಾಯಕ್ ಅದನ್ನು ಸ್ಟೇಷನ್ನಿನ ಅಲಾರಂಗೇ ತೊಡಿಸಿ ತೋರಿಸಿದ. ಬಾಲ ಡೇಲ್‌ನ ಮೂಗಿಗೆ ಬಡಿಯಿತು. "ಇದು ನೇತಾಡುತ್ತಿದ್ದರೆ ಯಾರೂ ನೆಮ್ಮದಿಯಾಗಿ ಊಟಕ್ಕೆ ಕೂರಲು ಆಗಲ್ಲ" ಅಂದೆ. ಪುರೋಹಿತರಿಗೂ ಫೋನ್ ಮಾಡಿ ಹೇಳಿದ್ದೇನೆ. ಇನ್ನು ಮುಂದೆ ಯಾರ ಮನೆಯ ಹೋಮದಲ್ಲೂ ಏಳೂ ಟೋಪಿ ತಟ್ಟೆಗೆ ಬಂದು ಎಣಿಸಿದ ಮೇಲೆಯೇ ಅವರು ಮಂಗಳಾರತಿ ಎತ್ತುವುದು. ಒಪ್ಪಿದ್ದಾರೆ. ಗ್ಯಾರೇಜಿನಲ್ಲಿ ನಿಂತದ್ದು ಅವರಿಗೂ ಮರೆತಿಲ್ಲ.

ನೀನೇ ಚೀಫ್ ಆಗಿರಲಿ ಅಂತ ಕೈ ಎತ್ತಿದವರು ಹದಿನೇಳು. ಎತ್ತದವರಲ್ಲಿ ರೋಸಾ ಒಬ್ಬಳು. ನಿನಗೆ ಹೇಳಬಾರದು ಅಂದುಕೊಂಡಿದ್ದೆ, ಆದರೆ ನಮ್ಮಿಬ್ಬರ ಮಧ್ಯೆ ಹೇಳದೆ ಇಟ್ಟುಕೊಂಡದ್ದು ಸಾಕು. ಹೊರಗೆ ಬರುವಾಗ ಅವಳು ನನ್ನ ಕೈ ಹಿಡಿದುಕೊಂಡು, "ನಿಮ್ಮನ್ನು ಹೊತ್ತು ತಂದವಳು ನಾನು, ಆ ಭಾರ ನನ್ನ ತೋಳಿಗೆ ಇನ್ನೂ ನೆನಪಿದೆ" ಅಂದಳು. ಅವಳ ಮೇಲೆ ಬೇಸರ ಮಾಡಿಕೊಳ್ಳಬೇಡ. ಮನೆಗೆ ಕರೆದು ಬಿಸಿಬೇಳೆ ಬಾತ್ ಹಾಕು, ತುಪ್ಪ ಜಾಸ್ತಿ ಹಾಕು. ಅಖಿಲ್‌ನನ್ನು ನನಗೆ ಬಿಡು. ಅವನಿಗೆ ಇನ್ನೂ ಸ್ವಲ್ಪ ದಿನ ಬೇಕು.

ನಿನ್ನೆ ದೇವಸ್ಥಾನದಲ್ಲಿ ಯಾರೋ ಹೊಸಬಳು, "ನಿಮ್ಮ ತಂಗಿ ಹ್ಯೂಸ್ಟನ್ ಕಡೆ ಇದಾರಂತೆ, ಏನ್ ಮಾಡ್ತಾರೆ ಆಂಟಿ?" ಅಂತ ಕೇಳಿದಳು. ನಿಮ್ಮ ಭಾವ ಪಕ್ಕದಲ್ಲಿದ್ದು ನನ್ನ ಮುಖ ನೋಡಿದರು.

"ಫೈರ್ ಚೀಫು" ಅಂದೆ. "ಮನೆ ಹತ್ತಿಕೊಂಡ್ರೆ ಅವಳು ಹೊರಗೆ ನಿಂತಿರ್ತಾಳೆ. ಅವಳು ಹೊರಗೆ ನಿಂತಿದ್ರೇನೇ ಒಳಗಿರೋರು ಹೊರಗೆ ಬರೋದು. ನಾನು ಬಂದಿದೀನಿ."

ನಿನ್ನ ಲೀಲಕ್ಕ